ಮೀನು ತೊಳೆದ ನೀರು

ಮೂರನೆಯ ಮಹಡಿಯ ತಿರುವಿನಲ್ಲಿ ಗ್ರಂಥಪಾಲಕರು ಬಕೆಟ್ ಕೆಳಗಿಟ್ಟು ಕಿವಿಗೊಟ್ಟರು. ಕಟ್ಟಡವೆಲ್ಲ ಮಧ್ಯಾಹ್ನದ ಊಟ ಮುಗಿಸಿ ಮಲಗಿತ್ತು. ನೆಲ ಅಂತಸ್ತಿನಿಂದ ದರ್ಜಿಯ ಹೊಲಿಗೆ ಯಂತ್ರದ ಕಟಕಟ ಮಾತ್ರ ಕೇಳುತ್ತಿತ್ತು. ಅದು ಕೇಳುವವರೆಗೆ ಭಯವಿಲ್ಲ. ಬಕೆಟ್ಟಿನ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ, ಉಸಿರು ಬಿಗಿಹಿಡಿದು ಉಳಿದ ಮೆಟ್ಟಿಲು ಹತ್ತಿದರು.

ತಾರಸಿಯ ನಡುವೆ ಒಂದು ಸುಣ್ಣದ ಗೆರೆ. ಈ ಕಡೆ ಅವರ ಜಾಗ, ಆ ಕಡೆ ದರ್ಜಿಯದು. ಈ ಕಡೆ ಹನ್ನೆರಡು ಹಳೆಯ ಪೇಂಟ್ ಡಬ್ಬಗಳಲ್ಲಿ ಹನ್ನೆರಡು ಬದನೆ ಗಿಡಗಳು, ವರ್ಷದಿಂದ ಜ್ವರ ಬಿಡದವರಂತೆ ನಿಂತಿದ್ದವು. ಆ ಕಡೆಯೂ ಹನ್ನೆರಡೇ ಡಬ್ಬ. ಅಲ್ಲಿ ಮಾತ್ರ ಕಾಯಿಯ ಭಾರಕ್ಕೆ ಗಿಡಗಳು ಬಾಗಿ, ಅವನ್ನು ಚಿಂದಿ ಬಟ್ಟೆಯಿಂದ ಕೋಲಿಗೆ ಕಟ್ಟಬೇಕಾಗಿತ್ತು. ಒಂದು ಚಿಂದಿಯ ನೀಲಿ ಗೆರೆಯನ್ನು ಎಲ್ಲೋ ಕಂಡಂತಿತ್ತು.

"ಗಿರಾಕಿಗಳ ಬಟ್ಟೆ ಕದಿಯೋನು ತಾರಸಿ ಬಿಡ್ತಾನಾ!" ಎಂದು ಗೊಣಗಿ, ಗೆರೆ ದಾಟಿ, ಮೀನು ತೊಳೆದ ನೀರನ್ನು ಬುಡಬುಡಕ್ಕೂ ಸುರಿದರು.

ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೂತವರು ಅವರು. ಖರ್ಚಿಲ್ಲದೆ ತರಕಾರಿ ಬೆಳೆಯುವ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಏಳು ಫೈಲು ಮಾಡಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎಂದು ಕಟ್ಟಡದ ಸಂಘದ ಸಭೆಯಲ್ಲಿ ತಪ್ಪದೆ ಹೇಳುತ್ತಿದ್ದರು. ಕೈ ಕೆಸರು ಮಾಡಿಕೊಂಡದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಪುಸ್ತಕದ ಬದನೆಕಾಯಿ ಎಂದು ಜನ ಬೆನ್ನ ಹಿಂದೆ ಆಡಿಕೊಂಡದ್ದು ಕಿವಿಗೆ ಬಿದ್ದ ದಿನವೇ ಹಟಕ್ಕೆ ಬಿದ್ದು ಬದನೆ ಬೀಜ ಹಾಕಿದ್ದರು.

ಆಗ ಹೆಂಡತಿ ಬಂದು ಎರಡು ಡಬ್ಬ ಕೇಳಿದ್ದಳು. "ಒಂದೆರಡು ಗಿಡ ನಾನೂ ಹಾಕ್ಕೋತೀನಿ ರೀ."

"ಇದರ ಬಗ್ಗೆ ಏನಾದ್ರೂ ಓದಿದೀಯಾ? ಗಿಡ ಬೆಳೆಸೋದು ಅಂದ್ರೆ ಒಲೆ ಮುಂದೆ ನಿಂತು ಸೌಟು ಆಡಿಸಿದ ಹಾಗಲ್ಲ."

ಅವಳು ಎರಡನೆಯ ಸಲ ಕೇಳಲಿಲ್ಲ.

ಸಂಘದವರು 'ಖರ್ಚಿಲ್ಲದ ತೋಟ' ಸ್ಪರ್ಧೆ ಇಟ್ಟಾಗ ಬಹುಮಾನ ಸೂಚಿಸಿದವರೂ ಗ್ರಂಥಪಾಲಕರೇ: ಗೆದ್ದವರಿಗೆ ಇಡೀ ತಾರಸಿ, ಸೋತವರು ಡಬ್ಬ ಹೊತ್ತು ಕೆಳಗಿಳಿಯಬೇಕು. ಎರಡೇ ಅರ್ಜಿ ಬಂದವೆಂದು ಕಾರ್ಯದರ್ಶಿ ಹೇಳಿದ. ಇನ್ನೊಂದು ಯಾರದೆಂದು ಕೇಳಬೇಕೆ? ಗೆರೆಯಾಚೆ ಕಣ್ಣು ಕುಕ್ಕುವಂತೆ ಬೆಳೆಯುತ್ತಿತ್ತಲ್ಲ. ನಿವೃತ್ತಿಯಾದ ಮೇಲೆ ಗ್ರಂಥಪಾಲಕರ ಮಾತು ನಡೆಯುತ್ತಿದ್ದ ಜಾಗ ಆ ತಾರಸಿಯೊಂದೇ. ಅದೂ ಕೈತಪ್ಪಿದರೆ ದಿನವಿಡೀ ಮನೆಯಲ್ಲಿ ಕುರ್ಚಿಯೊಂದೇ ಗತಿ.

ದಾರಿ ತೋರಿಸಿದ್ದು ಹೆಂಡತಿ, ಅದೂ ತಿಳಿಯದೆ. ಅಂದು ಬಟ್ಟೆ ಒಣಹಾಕಿ ತಡವಾಗಿ ಬಂದಿದ್ದಳು.

"ನಾಲ್ಕು ಬಟ್ಟೆ ಒಣಹಾಕೋಕೆ ಒಂದು ಗಂಟೆ ಬೇಕೇನೇ ನಿಂಗೆ?"

"ಗಾಳಿ ಇರ್ಲಿಲ್ಲ ರೀ. ಮತ್ತೆ, ಮೀನು ತೊಳೆದ ನೀರು ಬಿದ್ರೆ ಬದನೆ ಬೇರು ಸುಟ್ಟೇ ಹೋಗುತ್ತಂತೆ ಹೌದಾ? ಟೈಲರ್ ಹೆಂಡತಿ ಭಯ ಬೀಳ್ತಿದ್ಲು."

ಗ್ರಂಥಪಾಲಕರು ಏಳೂ ಫೈಲು ತಡಕಿದರು. ಮೀನಿನ ಬಗ್ಗೆ ಒಂದಕ್ಷರವಿಲ್ಲ. ಆದರೂ ಶತ್ರುವಿನ ಮನೆಯಿಂದಲೇ ಬಂದ ಸುದ್ದಿ ಸುಳ್ಳಾದೀತೇ?

ಸ್ವಂತ ಗಿಡಕ್ಕೆ ಎರಡು ಚೊಂಬು ನೀರು ಹೊರಲು ಸೊಂಟ ಹಿಡಿಯುತ್ತದೆ ಎನ್ನುತ್ತಿದ್ದವರು ಮರುದಿನದಿಂದ ಮೀನಂಗಡಿಯಿಂದ ಬಕೆಟ್ ತುಂಬ ಮೀನು ತೊಳೆದ ನೀರು ಹೊತ್ತರು. ಬೆಕ್ಕಿಗೆ ಎಂದರು. ಎಷ್ಟು ಬೆಕ್ಕು ಎಂದು ಮೀನಿನವಳು ಕೇಳಲಿಲ್ಲ. ಪಕ್ಕದ ಮನೆಯಲ್ಲಿ ಹಾಲು ಸೀದರೆ ಹಾಸಿಗೆಯಲ್ಲೇ ಪತ್ತೆ ಹಚ್ಚುವ ಹೆಂಡತಿಯ ಮೂಗಿಗೆ ಮನೆಯ ಬಕೆಟ್ಟಿನ ನಾತ ಬೀಳದಿದ್ದುದು ತಮ್ಮ ಅದೃಷ್ಟವೆಂದುಕೊಂಡರು.

ಎರಡು ವಾರವಾಯಿತು. ಗಿಡ ಸಾಯಲಿಲ್ಲ. ಎಲೆಗಳು ಬೀಸಣಿಗೆಯಷ್ಟಾದವು. ವಿಷ ಏರಲು ಸಮಯ ಬೇಕೆಂದು ಸಮಾಧಾನ ಮಾಡಿಕೊಂಡು, ದಿನಕ್ಕೆ ಎರಡು ಬಕೆಟ್ ಮಾಡಿದರು.

ಮನೆಯ ಊಟಕ್ಕೆ ಎಳೆಯ ಬದನೆಕಾಯಿ ಬರತೊಡಗಿತು. ಬೆಣ್ಣೆಯಂತಿತ್ತು.

"ಎಲ್ಲಿ ತಂದೆ?"

"ಇಲ್ಲೇ ಹತ್ರದಲ್ಲೇ ಸಿಕ್ತು."

"ದುಡ್ಡು ದಂಡ. ಸ್ವಲ್ಪ ತಡಿ, ನಮ್ಮದೇ ಬರುತ್ತೆ."

"ನಮ್ಮದೇ ಅಂದ್ಕೊಂಡು ತಿನ್ನಿ," ಎಂದು ಅವಳು ಇನ್ನಷ್ಟು ಬಡಿಸಿದಳು.

ಸ್ಪರ್ಧೆಯ ದಿನ ಕಟ್ಟಡವೇ ತಾರಸಿಗೆ ಹತ್ತಿತು. ತೋಟಗಾರಿಕೆ ಅಧಿಕಾರಿಯೊಬ್ಬರು ತೀರ್ಪುಗಾರರಾಗಿ ಬಂದಿದ್ದರು. ಎಲ್ಲರಿಗಿಂತ ಕೊನೆಗೆ ದರ್ಜಿ ಬಂದ, ಕಂಬಿ ಹಿಡಿದು ಏದುಸಿರು ಬಿಡುತ್ತ.

"ಮಂಡಿ ಹೋದ್ಮೇಲೆ ಇವತ್ತೇ ಮೊದಲು ಹತ್ತಿದ್ದು," ಎಂದು ಗೋಡೆಗೆ ಒರಗಿದ. ಗೆರೆಯಾಚೆ ನೋಡಿ ಬಾಯಿ ತೆರೆದ. "ಅಬ್ಬಬ್ಬಾ! ಹಿಂಗೆ ಬೆಳೆದಿದೆಯಾ!"

ಏನು ನಾಟಕ ಎಂದು ಗ್ರಂಥಪಾಲಕರು ಹಲ್ಲು ಕಡಿದರು.

ಅಧಿಕಾರಿ ಗ್ರಂಥಪಾಲಕರ ಡಬ್ಬಗಳ ಮುಂದೆ ಎರಡು ನಿಮಿಷ ನಿಂತು, ಫೈಲುಗಳು ಬಹಳ ಅಚ್ಚುಕಟ್ಟಾಗಿವೆ ಎಂದರು. ಆಮೇಲೆ ಗೆರೆ ದಾಟಿ, ಒಂದು ಹಿಡಿ ಮಣ್ಣು ತೆಗೆದು ಮೂಸಿ ನಕ್ಕರು. "ಮೀನಿನ ನೀರು! ಬದನೆಗೆ ಇದಕ್ಕಿಂತ ಒಳ್ಳೇ ಗೊಬ್ಬರ ಇಲ್ಲ. ದಿನಾ ಹಾಕಿರಬೇಕು. ಇದಕ್ಕೆಲ್ಲ ಖರ್ಚೆಷ್ಟಾಯ್ತು?"

ಗ್ರಂಥಪಾಲಕರಿಗೆ ಕಾಲ ಕೆಳಗಿನ ತಾರಸಿ ಕುಸಿದಂತಾಯಿತು. ದರ್ಜಿ ಈಗ ಉತ್ತರಿಸುತ್ತಾನೆ ಎಂದು ಅವನ ಕಡೆ ನೋಡಿದರು. ದರ್ಜಿಯೂ ಬೇರೆ ಯಾರಿಗೋ ಕಾಯುತ್ತಿದ್ದ.

"ಒಂದು ಕಾಸೂ ಇಲ್ಲ ಸಾರ್," ಎಂದು ಒಣಗಿದ ಬಟ್ಟೆಗಳ ಹಿಂದಿನಿಂದ ಗ್ರಂಥಪಾಲಕರ ಹೆಂಡತಿ ಬಂದು ತನ್ನ ಗಿಡಗಳ ಪಕ್ಕ ನಿಂತಳು. "ಜಾಗ ಟೈಲರ್ ಬಿಟ್ಟುಕೊಟ್ರು, ಕಟ್ಟಿದ್ದು ಮನೇಲಿದ್ದ ಇವರ ಹಳೇ ಅಂಗಿಯಿಂದ, ಗೊಬ್ಬರ ಮಾತ್ರ ದಿನಾ ನಮ್ಮನೆಯವರೇ ಹೊತ್ತು ಹಾಕಿದ್ರು."