ಫುಲ್ ಮಾರ್ಕಿನ ಶೌಚಾಲಯ

ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗ ಜಡಿದಿತ್ತು. ಅವಳು ನೇರ ಬಂಕಿನ ಆಫೀಸಿನೊಳಗೆ ಬಂದು ಮ್ಯಾನೇಜರನ ಮೇಜು ಗುದ್ದಿದಳು.

“ಬೀಗದ ಕೈ ಕೊಡ್ರೀ! ಕಾರಲ್ಲಿ ನಮ್ಮಮ್ಮ ಒದ್ದಾಡ್ತಿದಾರೆ.”

“ಕೆಟ್ಟೋಗಿದೆ ಮೇಡಂ.”

“ಯಾರ ಕಿವಿ ಮೇಲೆ ಹೂ ಇಡ್ತೀರಾ? ಕಿಟಕೀಲಿ ಇಣುಕಿ ನೋಡ್ದೆ, ಕನ್ನಡಿ ಥರ ಹೊಳೀತಿದೆ!”

ಈಗ ಮ್ಯಾನೇಜರನೂ ರೇಗಿದ.

“ಹೊಳೀಲಿ ಅಂತಾನೇ ಬೀಗ ಹಾಕಿರೋದು! ದಿನಾ ಬೆಳಿಗ್ಗೆ ಅದರ ಫೋಟೋ ತೆಗೆದು ಕಂಪನಿ ಆ್ಯಪ್‌ಗೆ ಹಾಕ್ಬೇಕು. ಜನಕ್ಕೆ ಬಾಗಿಲು ತೆಗೆದಿಟ್ಟಾಗ ನೆಲ ಒದ್ದೆ ಅಂತ ಸೊನ್ನೆ ಕೊಟ್ರು, ಬಂಕ್ ಮುಚ್ಚಿಸ್ತೀವಿ ಅಂತ ನೋಟಿಸ್ ಬೇರೆ. ಬೀಗ ಜಡಿದ ಮೇಲೆ ಫುಲ್ ಮಾರ್ಕ್ಸು, ಶಹಭಾಸ್‌ಗಿರಿ!”

ಅವಳು ಮೇಜಿನ ಮೇಲಿಂದ ಕೈ ತೆಗೆದಳು. ಅವನ ಸಿಟ್ಟು ಮಾತ್ರ ಇಳಿಯಲಿಲ್ಲ.

“ನನ್ನ ಮೇಲೆ ಯಾಕೆ ಹಾರಾಡ್ತೀರಿ? ಹೆಡ್ಡಾಫೀಸಲ್ಲಿ ಏಸಿ ಕೆಳಗೆ ಕೂತು ಮಾರ್ಕು ಹಾಕ್ತಾರಲ್ಲ, ಆ ವಾರಿಜಾ ಮೇಡಂನ ಹೋಗಿ ಕೇಳಿ. ಒಂದಿನ ಈ ಕಡೆ ತಲೆ ಹಾಕಿದ್ರೆ ಗೊತ್ತಾಗ್ತಿತ್ತು ಅವರಿಗೆ.”

ಹೊರಗೆ, ಕಾರಿನ ಬಾಗಿಲು ಹಿಡಿದು ನಿಂತಿದ್ದ ತಾಯಿ ಅಳುದನಿಯಲ್ಲಿ ಕೂಗಿದರು:

“ವಾರಿಜಾ, ಬೀಗದ ಕೈ ಸಿಕ್ತೇನೇ?”