ಮುಟ್ಟಗೊಡದ ಪರೀಕ್ಷಾರ್ಥಿ

“ಅಂಗಿ ತಪಾಸಣೆ ಆಗಬೇಕು. ಹತ್ತಿರ ಬಾ.”

“ಬೇಡ ಮಾಸ್ತರ್ರೇ. ನಾನೇ ತೋರಿಸ್ತೆ.”

ಹದಿನೇಳನೆಯ ಸಂಖ್ಯೆಯ ಪರೀಕ್ಷಾರ್ಥಿ ಹಿಂದೆ ಸರಿದು, ಜೇಬನ್ನು ತಾನೇ ಹೊರಗೆಳೆದು ತೋರಿಸಿದ. ಅದು ಬರಿದಾಗಿತ್ತು. ಆದರೆ ಸುಬ್ರಾಯ ಮಾಸ್ತರರ ಹುಬ್ಬು ಸಡಿಲಲಿಲ್ಲ. ಮೇಲ್ವಿಚಾರಕನು ಪ್ರತಿಯೊಬ್ಬನನ್ನೂ ಸ್ವತಃ ಮುಟ್ಟಿ ಪರೀಕ್ಷಿಸತಕ್ಕದ್ದು. ಒಪ್ಪದವನ ಉತ್ತರಪತ್ರಿಕೆ ರದ್ದು. ನಿಯಮ ಅಷ್ಟು ಸ್ಪಷ್ಟವಾಗಿತ್ತು.

“ಕೂತು ಬರೆ. ಕೊನೆಯ ಗಂಟೆಯೊಳಗೆ ಬುದ್ಧಿ ಬಂದರೆ ಸರಿ. ಇಲ್ಲವಾದರೆ ನೀನು ಬರೆದದ್ದೆಲ್ಲ ವ್ಯರ್ಥ.”

ಅದು ಸಹಕಾರಿ ಸಂಘಗಳ ಕಾರ್ಯದರ್ಶಿಗಳಿಗಾಗಿ ೧೯೩೪ರಲ್ಲಿ ಶಿರಸಿಯ ಶಾಲೆಯೊಂದರಲ್ಲಿ ನಡೆದ ಲೆಕ್ಕಪತ್ರದ ಲಿಖಿತ ಪರೀಕ್ಷೆ. ಅಲ್ಲಿ ಹೆಸರು ಕೇಳುವಂತಿರಲಿಲ್ಲ. ಎಲ್ಲರೂ ಬರಿಯ ಸಂಖ್ಯೆಗಳು. ಹದಿನೇಳು ಎಂದರೆ ಕಾನಸೂರಿನ ಜಟ್ಟಪ್ಪ. ಊರಿನ ಸಂಘದಲ್ಲಿ ಹಂಗಾಮಿ ಕಾರ್ಯದರ್ಶಿ. ಈ ಸಲ ತೇರ್ಗಡೆಯಾಗದಿದ್ದರೆ ಆ ಕುರ್ಚಿ ಅಧ್ಯಕ್ಷರ ಭಾವಮೈದುನನಿಗೆ. ಪರೀಕ್ಷೆಗೆ ಕೂತೇ ಕೂರುತ್ತೇನೆಂದು ಜಟ್ಟಪ್ಪ ಮನೆಯಾಕೆಗೆ ಮಾತು ಕೊಟ್ಟಿದ್ದ.

ಅವನು ಎಲ್ಲರನ್ನೂ ಬಿಟ್ಟು ಗೋಡೆಯ ಪಕ್ಕದ ಬೆಂಚಿನಲ್ಲಿ ಒಬ್ಬನೇ ಕುಳಿತ. ಪ್ರಶ್ನೆಪತ್ರಿಕೆ ನೀಡಹೋದರೆ, “ಅಲ್ಲೇ ಇಡಿ, ತಕ್ಕಳ್ತೆ” ಎಂದ.

ಮುಂದಿನ ಸಾಲಿನಲ್ಲಿದ್ದ ಇಕ್ಬಾಲ್ ನಕ್ಕ. ಅವನದು ಮೋಟಾರು ಓಡಿಸುವ ಮನೆತನ. “ಇವರು ಬೆಳಿಗ್ಗೆ ನಮ್ಮ ಗಾಡಿಯಲ್ಲೇ ಬಂದದ್ದು, ಮಾಸ್ತರ್ರೇ. ಒಳಗೆ ಜಾಗ ಖಾಲಿ ಇತ್ತು. ಸಾಹೇಬರು ಮಾತ್ರ ಮೇಲೆ, ಬಾಳೆಗೊನೆ ಜೊತೆ!”

ಹಲವರು ನಕ್ಕರು. ಜಟ್ಟಪ್ಪ ತಲೆಯೆತ್ತಲಿಲ್ಲ.

“ಬಾಯಿ ಮುಚ್ಚಿ ಬರೆಯಿರಿ!” ಎಂದು ಮಾಸ್ತರರು ಗದರಿಸಿದರು.

ಮೂರನೆಯ ಪ್ರಶ್ನೆ ಕಠಿಣವಾದದ್ದು. ‘ಕಾರ್ಯದರ್ಶಿಯೊಬ್ಬನು ಕೋಪದಿಂದ, ಸಭೆಯ ನಿರ್ಣಯವಿಲ್ಲದೆ, ಸದಸ್ಯನೊಬ್ಬನ ಹೆಸರನ್ನು ಹೊಡೆದುಹಾಕಿದ್ದಾನೆ. ಆ ಸದಸ್ಯನ ಪಾಲು ಉಳಿದಿದೆಯೇ? ಕಾರಣಸಹಿತ ಉತ್ತರಿಸಿರಿ.’ ಎಲ್ಲರೂ ತಮಗೆ ಗೊತ್ತಿದ್ದ ಕಾಯದೆಯನ್ನೆಲ್ಲ ಕಾಗದಕ್ಕೆ ಸುರಿಯತೊಡಗಿದರು. ಮಾಸ್ತರರು ಸುತ್ತು ಬರುತ್ತ ಗೋಡೆಯ ಬೆಂಚಿನ ಹಿಂದೆ ನಿಂತರು.

ಉಳಿದವರ ಹಾಳೆಗಳ ನೆತ್ತಿಯ ಮೇಲೆ ‘ಶ್ರೀ’ಕಾರವೋ ಬೇರೊಂದು ಮಂಗಳಾಕ್ಷರವೋ ಇತ್ತು. ಇವನ ಹಾಳೆಯಲ್ಲಿ ಅದೂ ಇಲ್ಲ. ಆದರೆ ಮಾಸ್ತರರು ಬೆಚ್ಚಿದ್ದು ಅದಕ್ಕಲ್ಲ. ಮೊದಲು ನಿಯಮ, ಒಂದೇ ಸಾಲು. ಆಮೇಲೆ ಅದು ಈ ಸಂದರ್ಭಕ್ಕೆ ಹೇಗೆ ಒಪ್ಪುತ್ತದೆಂಬ ಕಾರಣ. ಕೊನೆಗೆ ತೀರ್ಪು: ‘ಆದ್ದರಿಂದ ಪಾಲು ಉಳಿದಿದೆ. ಹೊಡೆದುಹಾಕುವ ಅಧಿಕಾರ ಅವನಿಗೆ ಇರಲಿಲ್ಲ.’ ಕೇಳಿದ್ದಕ್ಕಷ್ಟೇ ಉತ್ತರ; ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ಅದು ಸುಬ್ರಾಯ ಮಾಸ್ತರರ ಸ್ವಂತ ಕ್ರಮ.

ಅದನ್ನು ಅವರು ಕಲಿಸಿದ್ದು ತಮ್ಮ ಬೆರಳೆಣಿಕೆಯ ಶಿಷ್ಯರಿಗೆ; ಅವರಿಗಿಂತ ಮೊದಲು ಮಗಳು ದೇವಕಿಗೆ. ಬಾಲ್ಯದಲ್ಲೇ ವಿಧವೆಯಾಗಿ ತವರಿಗೆ ಮರಳಿದ್ದ ದೇವಕಿ ಲೆಕ್ಕದಲ್ಲಿ ಆ ಶಿಷ್ಯರೆಲ್ಲರನ್ನೂ ಮೀರಿಸುತ್ತಿದ್ದಳು. ಮೂರು ವರ್ಷಗಳ ಹಿಂದೆ, ಊರ ಹಿರಿಯರ ಸಮಕ್ಷಮದಲ್ಲಿ, ಮಾಸ್ತರರು ಅವಳಿಗೆ ಎಳ್ಳುನೀರು ಬಿಟ್ಟು ಉತ್ತರಕ್ರಿಯೆ ಮುಗಿಸಿದ್ದರು. ಮರುದಿನವೇ ಶಾಲೆಗೆ ಹಾಜರಾಗಿ ಪಾಠ ಹೇಳಿದ್ದರು. ಕಣ್ಣಿನಲ್ಲಿ ಒಂದು ಹನಿಯಿರಲಿಲ್ಲ. ಆ ಧೈರ್ಯವನ್ನು ಊರು ಕೊಂಡಾಡಿತು. ಊರು ಇಂಥದ್ದನ್ನೇ ಕೊಂಡಾಡುತ್ತದೆ.

ಈಗ ಅವರಿಗೆ ಎಲ್ಲವೂ ಹೊಳೆದಂತಾಯಿತು. ತಮ್ಮ ಶಿಷ್ಯರಲ್ಲಿ ಯಾವನೋ ಒಬ್ಬ ಉತ್ತರಗಳನ್ನು ಬರೆದುಕೊಟ್ಟಿದ್ದಾನೆ, ಆ ಚೀಟಿಗಳು ಇವನ ಮೈಮೇಲಿವೆ, ಅದಕ್ಕೇ ಮುಟ್ಟಗೊಡುತ್ತಿಲ್ಲ. ಇಂಥವನ ಕೈಗೆ ಬಡವರ ಠೇವಣಿ!

“ಈ ಥರ ಬರೆಯಲು ನಿನಗೆ ಯಾರು ಕಲಿಸಿದರು?” ಎಂದು ಅವರು ತಗ್ಗಿದ ದನಿಯಲ್ಲಿ ಕೇಳಿದರು.

“ಮನೆಯವಳು.”

“ನಿನ್ನ ಮನೆಯವಳು ಈ ಕ್ರಮ ಕಲಿಸಿದಳೇ! ಹಾಗಿದ್ದರೆ ನಾಳೆ ಕರೆದು ತಾ. ನನ್ನೆದುರು ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆಯಲಿ. ನಿನ್ನ ಕಾಗದ ಉಳಿಸುತ್ತೇನೆ.”

ಜಟ್ಟಪ್ಪನ ಲೇಖನಿ ನಿಂತಿತು. “ಆಗೂದಿಲ್ಲ ಮಾಸ್ತರ್ರೇ.”

“ಆಗುವುದಿಲ್ಲ. ಸುಳ್ಳು ಹೇಳುವವರ ಸಾಕ್ಷಿ ಯಾವತ್ತೂ ಬರುವುದಿಲ್ಲ.”

ಕೊನೆಯ ಗಂಟೆ ಹೊಡೆಯಿತು. ಮಾಸ್ತರರು ಮತ್ತೊಮ್ಮೆ ಕೈಚಾಚಿದರು. “ಕಡೆಯ ಮಾತು. ತಪಾಸಣೆಗೆ ಒಪ್ಪುತ್ತೀಯೋ ಇಲ್ಲವೋ?”

ಜಟ್ಟಪ್ಪ ಗೋಡೆಗೆ ಅಂಟಿ ನಿಂತ. “ದಮ್ಮಯ್ಯ, ಮುಟ್ಟಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತೆ.”

“ನನಗೆ ಬೆದರಿಕೆಯೇ?”

ಮಾಸ್ತರರು ಕೆಂಪು ಶಾಯಿಯಲ್ಲಿ ಆ ಉತ್ತರಪತ್ರಿಕೆಯ ಮೇಲೆ ಅಡ್ಡಗೆರೆ ಎಳೆದು, ‘ತಪಾಸಣೆಗೆ ನಿರಾಕರಣೆ, ರದ್ದು’ ಎಂದು ಬರೆದು ರುಜು ಹಾಕಿದರು. ಎಲ್ಲವನ್ನೂ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಅರಗು ಕರಗಿಸಿ ಮುದ್ರೆಯೊತ್ತಿದರು. ಇನ್ನು ಅದನ್ನು ಬಿಚ್ಚುವ ಅಧಿಕಾರ ಅವರಿಗೂ ಇರಲಿಲ್ಲ. ಕರ್ತವ್ಯ ಮುಗಿಸಿದ ಮನುಷ್ಯನ ನೆಮ್ಮದಿಯಿಂದ ಅವರು ಜಗಲಿಗೆ ಬಂದರು.

ಇಕ್ಬಾಲ್ ಮೊದಲಾದವರು ಹೊರಟುಹೋಗಿದ್ದರು. ಮೆಟ್ಟಿಲ ಕೆಳಗೆ ಜಟ್ಟಪ್ಪ ಒಬ್ಬನೇ ಕೈಕಟ್ಟಿ ನಿಂತಿದ್ದ.

“ಇನ್ನೂ ಇಲ್ಲೇ ಇದ್ದೀಯಾ? ಈಗ ಕಾಲು ಹಿಡಿದರೂ ಪ್ರಯೋಜನವಿಲ್ಲ.”

“ಗೊತ್ತು. ಅರಗು ಬೀಳಲಿ ಅಂತಲೇ ಕಾದಿದ್ದೆ. ಮೊದಲೇ ಹೇಳಿದ್ರೆ ಪಾಸು ಬೇಡಿದ ಹಾಗೆ ಆಗ್ತಿತ್ತು. ನಿಮ್ಮ ಹತ್ರ ದಯೆ ಬೇಡಬಾರದು ಅಂತ ಅವಳ ಮಾತು.”

“ಯಾರ ಮಾತು?”

ಜಟ್ಟಪ್ಪ ಮೆಟ್ಟಿಲಿನಿಂದ ಇನ್ನೊಂದು ಹೆಜ್ಜೆ ಹಿಂದೆ ಸರಿದ.

“ಮನೆಗೆ ಹೋಗಿ ಮೀಯಿರಿ, ಮಾಸ್ತರ್ರೇ. ನನಗೆ ಸೂತಕ. ನಿಮಗೂ ಇದೆ. ನೀವು ಎಳ್ಳುನೀರು ಬಿಟ್ಟ ದೇವಕಿ ನನ್ನ ಮನೆಯಲ್ಲಿ ನಿನ್ನೆ ಸಂಜೆವರೆಗೂ ಬದುಕಿದ್ದಳು.”