ಮೊದಲ ಓಟು ಸೊಸೆಯ ಮೇಲೆ

“ಕಳ್ಳ ನಾನ ಅದೀನ್ರಿ ಮಾವಾರ,” ಎಂದಳು ಶಾಂಭವಿ.

ಇಸ್ಪೀಟೆಲೆ ಹಂಚಿ ಇನ್ನೂ ಅರ್ಧ ಉಸಿರೂ ಆಗಿರಲಿಲ್ಲ. ಮಾವ ದೇವೇಂದ್ರಪ್ಪನ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಯಲಬುರ್ಗಾ ಎಂಬ ಊರು ಹುಟ್ಟಿದಾಗಿನಿಂದ ಅಲ್ಲಿ ಯಾವ ಕಳ್ಳನೂ ತಾನಾಗಿ ಒಪ್ಪಿಕೊಂಡದ್ದಿಲ್ಲ.

ಅದು ಆ ಮನೆಯ ಭಾನುವಾರದ ಆಟ. ನಾಲ್ವರಿಗೆ ನಾಲ್ಕು ಎಲೆ, ಅದರಲ್ಲಿ ಒಂದೇ ಗುಲಾಮ. ಅದು ಬಂದವರು ಕಳ್ಳರು. ಎಲೆ ಯಾರಿಗೂ ತೋರಿಸುವಂತಿಲ್ಲ. ಓಟು ಹಾಕಿ ಮೊದಲು ಒಬ್ಬರನ್ನು, ಆಮೇಲೆ ಇನ್ನೊಬ್ಬರನ್ನು ಹೊರಗೆ ಹಾಕಬೇಕು. ಉಳಿದ ಇಬ್ಬರಲ್ಲಿ ಕಳ್ಳನಿದ್ದರೆ ಕಳ್ಳನೇ ಗೆದ್ದ. ಮೊದಲು ಹೊರಬಿದ್ದವರು ಅಡುಗೆಮನೆಗೆ ಹೋಗಿ ಎಲ್ಲರಿಗೂ ಮಿರ್ಚಿ ಭಜಿ ಕರಿಯಬೇಕು.

ಕಿರಾಣಿ ಅಂಗಡಿಯಲ್ಲಿ ಕೂತು, ಹೊಸ್ತಿಲು ದಾಟುವ ಕಾಲು ನೋಡಿಯೇ ಏಳು ತಲೆಮಾರಿನ ಕಳ್ಳತನ ಹೇಳಬಲ್ಲವ ದೇವೇಂದ್ರಪ್ಪ. ಮೊದಲ ಓಟಿಗೆ ಪುರಾವೆ ಬೇಕಿಲ್ಲ, ಮುಖ ಸಾಕು ಎಂಬುದು ಅವನ ಶಾಸ್ತ್ರ. ಪ್ರತಿ ವಾರವೂ ಆ ಶಾಸ್ತ್ರಕ್ಕೆ ಸೊಸೆಯ ಮುಖವೇ ಸಿಗುತ್ತಿತ್ತು. ಕಾರಣ, ಅವಳು ಮಿರ್ಚಿ ಕರಿದರೆ ಕುಷ್ಟಗಿ ಬಸ್ಸಿನ ಡ್ರೈವರು ಊರ ಹೊರಗೇ ಬ್ರೇಕ್ ಒತ್ತಿ ಮೂಗು ಕಿಟಕಿಯಾಚೆ ಚಾಚುತ್ತಿದ್ದ. ‘ನಾನಲ್ರಿ’ ಎಂದು ಅವಳು ಆಣೆ ಮಾಡುವಷ್ಟರಲ್ಲಿ ಮೂರು ಬೆರಳು ಅವಳತ್ತ ತಿರುಗಿರುತ್ತಿದ್ದವು. ಮದುವೆಯಾಗಿ ಬಂದಾಗಿನಿಂದ ಒಂದು ಆಟವನ್ನೂ ಅವಳು ಕೊನೆತನಕ ಕೂತು ಆಡಿರಲಿಲ್ಲ. ಇವತ್ತು ಒಲೆ ಹೊತ್ತಿಸುವವಳು ತಾನಲ್ಲ ಎಂದು ಹಟ ಹಿಡಿದಿದ್ದಳು.

“ಖರೇ ಕಳ್ಳ ಯಾವಾಗರ ಹಿಂಗ ಹೇಳ್ತಾನೇನು?” ದೇವೇಂದ್ರಪ್ಪ ಕಣ್ಣು ಸಣ್ಣ ಮಾಡಿದ. “ಈಕಿ ಯಾರನ್ನೋ ಉಳಿಸಾಕ ಹತ್ಯಾಳ. ಹೆಂಡ್ತಿ ಆದಾಕಿ ಯಾರನ್ನ ಉಳಿಸ್ತಾಳ?”

ಮಗ ಬಸವಕುಮಾರ ನೆಟ್ಟಗಾದ. “ಅಪ್ಪಾ, ನನ್ನ ಕಡೆ ಗುಲಾಮ ಇಲ್ಲ. ಬಸವಣ್ಣನ ಆಣಿ!”

“ನೋಡ್ರಿ, ಹೆಂಗ ಬೆವರಾಕ ಹತ್ಯಾನ,” ಎಂದಳು ತಾಯಿ ಶಂಕ್ರಮ್ಮ.

“ಯವ್ವಾ, ಬ್ಯಾಸಗಿ ಐತಿ. ಗ್ವಾಡೀನೂ ಬೆವರಾಕ ಹತ್ತೈತಿ!”

“ನಾನ ಅಂತ ಹೇಳಾಕ ಹತ್ತೀನಲ್ರಿ,” ಎಂದಳು ಶಾಂಭವಿ.

“ಸುಮ್ಕಿರವಾ. ಗಂಡನ ಮ್ಯಾಲ ಇಷ್ಟು ಮಾಯಾ ಇರಬಾರ್ದು,” ಎಂದ ದೇವೇಂದ್ರಪ್ಪ.

ಎರಡು ಬೆರಳು ಬಸವಕುಮಾರನತ್ತ ತಿರುಗಿದವು. ಶಾಂಭವಿ ನಿಟ್ಟುಸಿರು ಬಿಟ್ಟು, ಬಲು ಸಂಕಟದವಳಂತೆ, ಮೂರನೆಯದನ್ನೂ ತಿರುಗಿಸಿದಳು. ಅವನು ಎದ್ದು ಅಡುಗೆಮನೆಗೆ ಹೋದ. ಕಡಲೆಹಿಟ್ಟು ಯಾವುದು, ಗೋದಿಹಿಟ್ಟು ಯಾವುದು ಎಂದು ಅಲ್ಲಿಂದ ಕೂಗಿ ಕೇಳಿದ. ಇತ್ತ ಎರಡನೇ ಓಟು ಆಗಲೇ ಶುರುವಾಗಿತ್ತು.

ಮಾವ ಅತ್ತೆಯನ್ನು ತೋರಿಸಿದ. ಅತ್ತೆ ಮಾವನನ್ನು ತೋರಿಸಿದಳು. ಅವರಿಬ್ಬರಿಗೆ ಅದು ಹೊಸದೇನಲ್ಲ. ಶಾಂಭವಿ ಅತ್ತೆಯ ಕಡೆ ಸೇರಿ ಮಾವನನ್ನು ಹೊರಗೆ ಹಾಕಿ, ತನ್ನ ಎಲೆ ಮಗುಚಿದಳು. ಗುಲಾಮ.

“ಅಂದ್ರ, ನೀ ಖರೇನ ಹೇಳಿದ್ಯಾ?” ದೇವೇಂದ್ರಪ್ಪನ ಧ್ವನಿ ಇರುವೆಗಿಂತ ಸಣ್ಣದಾಯಿತು.

“ಪ್ರತಿ ವಾರನೂ ಖರೇನ ಹೇಳೀನ್ರಿ ಮಾವಾರ.”

ಕೊನೆಗೂ ಬಸವಕುಮಾರ ತಟ್ಟೆ ತಂದಿಟ್ಟ. ಎರೆಹೊಲದ ಮಣ್ಣಿನ ಹೆಂಟೆಗಳನ್ನು ಆಯ್ದು ತಂದಂತಿದ್ದವು ಮಿರ್ಚಿ. ದೇವೇಂದ್ರಪ್ಪ ಒಂದನ್ನು ಕಚ್ಚಿ, ಹಲ್ಲು ಜಾಗದಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡ. ಶಂಕ್ರಮ್ಮ ಚೆಂಬು ನೀರು ಎತ್ತಿ ಕುಡಿದಳು.

ಶಾಂಭವಿ ಮಾತ್ರ ಒಂದನ್ನು ತೊಟ್ಟಿನವರೆಗೂ ತಿಂದು, ಎರಡನೆಯದಕ್ಕೆ ಕೈ ಹಾಕಿದಳು.

“ಏನ್ ಕೈರುಚಿರಿ ಇವರ್ದು! ಮುಂದಿನ ವಾರನೂ ಮೊದಲ ಇವರನ್ನ ಹೊರಗ ಹಾಕೋಣ್ರಿ ಅತ್ತಿ.”